ಎಂಪಿ ಬರ್ತಾರೆ, ಬಾಯಿ ಮುಚ್ಚಿ

ಕುವೈತಿನಲ್ಲಿ ಇಷ್ಟು ವರ್ಷ ದುಡಿದು ನಾನು ಕಂಡುಕೊಂಡದ್ದು ಒಂದೇ. ದೊಡ್ಡವರು ಬರುವ ದಿನ ನಮ್ಮವರ ಬಾಯಿಗೆ ಬ್ರೇಕ್ ಇರುವುದಿಲ್ಲ, ಅನುಭವಿಸುವುದು ಮಾತ್ರ ನಾನು.

೧. ಅಪ್ಪಣೆ

ಶುವೈಖ್‌ನಲ್ಲಿ ನಮ್ಮದು ಗಾಡಿ ಬಿಡಿಭಾಗಗಳ ಕಂಪನಿ. ಒಂದು ಬೆಳಿಗ್ಗೆ ಕಫೀಲ್, ಅಂದರೆ ನಮ್ಮನ್ನು ಇಲ್ಲಿಗೆ ಕರೆಸಿಕೊಂಡ ಅರಬ್ ಧಣಿ, ಒಳಗೆ ಕರೆದರು. "ಲಂಡನ್ನಿನಿಂದ ಒಬ್ಬ ಎಂಪಿ ಬರುತ್ತಾರೆ. ಐವತ್ತರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ಇಲ್ಲಿ ರಸ್ತೆ, ನೀರು, ಆಸ್ಪತ್ರೆ ಅಂತ ಏನೇನು ಮಾಡಿಸಿದರು ಎಂದು ವಿಚಾರಿಸುವ ಹುಚ್ಚು ಅವರಿಗೆ. ನೀನೇ ತಿರುಗಾಡಿಸು. ಆದರೆ ನಿಮ್ಮವರು ಯಾರೂ ಅವರ ಹತ್ತಿರ ಏನೂ ಕೇಳಬಾರದು. ಕೇಳಿದರೆ ನಿನ್ನ ಇಕಾಮಾ ಖಲಾಸ್!"

ಇಕಾಮಾ ಎಂದರೆ ನಮಗೆ ಇಲ್ಲಿರಲು ಪರವಾನಗಿ. ಅದರ ಅವಧಿ ಆ ತಿಂಗಳೇ ಮುಗಿಯುವುದಿತ್ತು. ಮಗಳು ಬೇರೆ ಹತ್ತನೇ ಕ್ಲಾಸು. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಎಂಪಿಯಾ? ಹಾಗಾದ್ರೆ ಮಂಗಳೂರಿಗೆ ದಿನಾ ಫ್ಲೈಟ್ ಬಿಡ್ಲಿಕ್ಕೆ ಹೇಳಿ."

"ಅವರು ಲಂಡನ್ ಎಂಪಿ ಮಾರಾಯ್ತಿ!"

"ಆದ್ರೇನು? ಅವತ್ತು ರೈಲು ಬಿಟ್ಟವರಿಗೆ ಇವತ್ತು ವಿಮಾನ ಬಿಡ್ಲಿಕ್ಕೆ ಏನು ಧಾಡಿ?"

೨. ಸನ್ಮಾನ

ಸುದ್ದಿ ನಮ್ಮ ಕನ್ನಡ ಸಂಘದ ಅಧ್ಯಕ್ಷರಿಗೆ ಮುಟ್ಟಿತು. "ಅರ್ಜಿ ಗಿರ್ಜಿ ಏನಿಲ್ಲ ಮಾರಾಯ್ರೆ, ಬರೇ ಸನ್ಮಾನ" ಅಂದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲ ತಯಾರು. ಭಾಷಣ ಮಾತ್ರ ಹಳೆಯದು, ಊರಿನ ಎಂಪಿ ಬಂದಿದ್ದಾಗ ಮಾಡಿದ್ದು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ, "ಮುಂದಿನ ಚುನಾವಣೆಯಲ್ಲೂ ನಮ್ಮ ಓಟು ನಿಮಗೇ!" ಎಂದು ಮುಗಿಸಿಬಿಟ್ಟರು. ನಾನು ಕುರ್ಚಿಯಲ್ಲೇ ಕುಸಿದೆ.

ಎಂಪಿ ಪೇಟ ಸರಿಮಾಡಿಕೊಂಡು ನನ್ನ ಕಿವಿಯಲ್ಲಿ ಹೇಳಿದರು: "ನನ್ನ ಕ್ಷೇತ್ರದಲ್ಲೇ ಇಷ್ಟು ಗ್ಯಾರಂಟಿಯಾಗಿ ಯಾರೂ ಹೇಳಿಲ್ಲ."

೩. ಕಾಕನ ನಿಯತ್ತು

ಮೈದಾನ್ ಹವಲ್ಲಿಯಲ್ಲಿ ಅಂಗಡಿ ಇಟ್ಟ, ನಮ್ಮ ಮಂಗಳೂರು ಕಡೆಯ ಒಬ್ಬ ಬ್ಯಾರಿ ಕಾಕ ಇದ್ದಾರೆ. ಅವರ ಬಾಪ ಆ ಕಾಲದಲ್ಲಿ ಇಲ್ಲಿದ್ದ ಇಂಗ್ಲಿಷ್ ಇಂಜಿನಿಯರೊಬ್ಬರಿಗೆ ಅಡುಗೆ ಮಾಡುತ್ತಿದ್ದರು. ಕಾಕನಿಗೆ ಮೊದಲೇ ಕೈಮುಗಿದು ಹೇಳಿದ್ದೆ, ಏನೂ ಕೇಳಬೇಡಿ ಅಂತ. ಆಮೇಲೆ ಎಂಪಿಯನ್ನು ಅವರ ಅಂಗಡಿಗೆ ಕರೆದುಕೊಂಡು ಹೋದೆ.

"ನಿಮ್ಮ ತಂದೆ ಇದ್ದಾಗ ಅಭಿವೃದ್ಧಿ ಆಯಿತೇ?" ಎಂದರು ಎಂಪಿ.

"ಆಯ್ತು ಸಾಹೇಬ್ರೆ. ಇಂಜಿನಿಯರ್ ಸಾಹೇಬ್ರು ಭಾರೀ ದಪ್ಪ ಆದ್ರು."

ಎಂಪಿ ನಕ್ಕುಬಿಟ್ಟರು. "ನೀವೂ ನನ್ನ ಹತ್ತಿರ ಏನಾದರೂ ಕೇಳಿ."

ಕಾಕ ನನ್ನ ಮುಖ ನೋಡಿದರು. "ಕೇಳ್ಲಿಕ್ಕೆ ತುಂಬ ಉಂಟು. ಆದ್ರೆ ಕೇಳಿದ್ರೆ ಇವರ ಇಕಾಮಾ ಹೋಗ್ತದಂತೆ!"

ಅಯ್ಯೋ ದೇವರೇ! ಎಂಪಿಯ ಮುಖ ಕೆಂಪಾಯಿತು. "ಹೌದೇ? ಮಧ್ಯಾಹ್ನ ಊಟಕ್ಕೆ ಹೋದಾಗ ಇದನ್ನು ನಿಮ್ಮ ಕಫೀಲ್ ಹತ್ತಿರ ನಾನೇ ಎತ್ತುತ್ತೇನೆ." ಪುಣ್ಯಾತ್ಮರು, ಉಪಕಾರ ಮಾಡಿಯೇ ನನ್ನನ್ನು ಊರಿಗೆ ಕಳಿಸಲು ಹೊರಟಿದ್ದರು.

೪. ಊಟ

ಕಫೀಲ್ ಮನೆಯಲ್ಲಿ ದೊಡ್ಡ ತಟ್ಟೆ ತುಂಬ ಅನ್ನ, ಮಟನ್. ಎಂಪಿ ಗಂಟಲು ಸರಿಮಾಡಿಕೊಂಡು, "ನಿಮ್ಮ ಹತ್ತಿರ ಒಂದು ಗಂಭೀರ ವಿಷಯ ಮಾತಾಡಬೇಕು" ಅಂದರು. ನಾನು ಕಣ್ಣು ಮುಚ್ಚಿದೆ. ಮಗಳ ಪರೀಕ್ಷೆ ನೆನಪಾಯಿತು.

"ತಡೆಯಿರಿ, ಮೊದಲು ನನ್ನದು ಕೇಳಿ," ಎಂದರು ಕಫೀಲ್. "ಹೋದ ಬೇಸಿಗೆಯಲ್ಲಿ ಲಂಡನ್ನಿನವರು ನನ್ನ ಕಾರು ಎತ್ತಿಕೊಂಡು ಹೋದರು. ತಪ್ಪು ಜಾಗದಲ್ಲಿ ನಿಲ್ಲಿಸಿದೆನಂತೆ. ನೀವು ಎಂಪಿ, ಒಂದು ಮಾತು ಹೇಳಿ ಬಿಡಿಸಿಕೊಡಿ!"

ನನಗೆ ಹೋದ ಜೀವ ಬಂತು. ಕೇಳಿದ್ದು ಕಫೀಲೇ, ಇನ್ನು ಯಾವ ಬಾಯಲ್ಲಿ ನನಗೆ ಖಲಾಸ್ ಅಂದಾರು? ಮರುವಾರ ತುಟಿ ಪಿಟಕ್ಕೆನ್ನದೆ ನನ್ನ ಇಕಾಮಾಕ್ಕೆ ಸಹಿ ಹಾಕಿದರು ಅನ್ನಿ.

ಆದರೆ ಅವತ್ತು ಊಟದಲ್ಲಿ ಎಂಪಿಯ ಮುಖ ಸಪ್ಪಗಾಯಿತು. ನನ್ನ ವಿಷಯ ಅವರಿಗೆ ಪೂರಾ ಮರೆತೇ ಹೋಗಿತ್ತು. ಕಫೀಲ್ ಕಡೆ ಬಾಗಿ ಹೇಳಿದರು:

"ಆ ಕಾಲದಲ್ಲಿ ನಾವು ಅರ್ಧ ಪ್ರಪಂಚಕ್ಕೆ ರಸ್ತೆ ಹಾಕಿಸಿದೆವು. ಈಗ ನಮ್ಮದೇ ರಸ್ತೆಯಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಮೊನ್ನೆ ನನ್ನ ಕಾರನ್ನೂ ಎತ್ತಿಕೊಂಡು ಹೋದರು. ಲಂಡನ್ನಿನಲ್ಲಿ ನಿಮಗೆ ಯಾರಾದರೂ ಪರಿಚಯದವರು ಇದ್ದಾರಾ?"