ಟೇಲೆಂಡಿಗೆ ಮುಟ್ಟಿದ ಡಿಜೆ

ನನಗೆ ಕುಣಿಯಲು ಬರುವುದಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಚಲೋ. ಡಿಜೆ ಅಂದ ಕೂಡಲೇ ಜನ ಕಪ್ಪು ಕನ್ನಡಕ, ಬಣ್ಣದ ಕೂದಲು, ಸೊಂಟ ಕುಣಿಸುವ ಇಪ್ಪತ್ತರ ಹರೆಯ ಎಂದುಕೊಳ್ಳುತ್ತಾರೆ. ನನ್ನ ಕನ್ನಡಕ ಪೇಪರು ಓದುವುದಕ್ಕೆ ಹಾಕಿಕೊಳ್ಳುವಂಥದ್ದು, ಕೂದಲು ಇದ್ದಷ್ಟೂ ಬಿಳಿ, ಸೊಂಟ ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತದೆ. ಯಾವ ವಯಸ್ಸಿಗೆ ಯಾವ ಹುಚ್ಚು ಹಿಡಿಯಬೇಕು ಎನ್ನುವುದಕ್ಕೂ ಒಂದು ಪಾಳಿ ಇರುತ್ತದೆ ಕಾಣುತ್ತದೆ. ನನ್ನ ಪಾಳಿ ತಪ್ಪಿ ನಲವತ್ತೈದಕ್ಕೆ ಬಂತು, ಅಷ್ಟೇ.

ಹೊಟ್ಟೆಪಾಡಿಗೆ ನಾನು ಮಾಡುವುದು ಶಹಾಪುರದ ಹತ್ತಿರ ಕಾಲುವೆಯ ಗೇಟು ಕಾಯುವ ಕೆಲಸ. ಸುತ್ತಿನ ಹಳ್ಳಿಯವರಿಗೆ ನಾನು ಗೇಟಿನ ಸಾಬಣ್ಣ. ಗೇಟನ್ನು ಒಮ್ಮೆಲೇ ಎತ್ತುವಂತಿಲ್ಲ, ಎತ್ತಿದರೆ ದಂಡೆ ಒಡೆಯುತ್ತದೆ. ಚಕ್ರ ತಿರುಗಿಸುತ್ತಾ ಬೆರಳಷ್ಟು, ಇನ್ನೊಂದು ಬೆರಳಷ್ಟು ಎತ್ತಬೇಕು. ಎತ್ತಿದ ಮೇಲೆ ಗಾಡಿ ಹತ್ತಿ ಕಾಲುವೆಯ ಗುಂಟ ಕೊನೆಯ ಹೊಲದವರೆಗೂ ಹೋಗಿ ನೀರು ಮುಟ್ಟಿತೋ ಇಲ್ಲವೋ ಕಣ್ಣಾರೆ ನೋಡಬೇಕು. ಆ ಕೊನೆಗೆ ನಮ್ಮ ಕಡೆ ಎಲ್ಲರೂ ಟೇಲೆಂಡ್ ಅನ್ನುತ್ತಾರೆ. ಮೇಲಿನ ಹೊಲದವರು ಭತ್ತ ಹಚ್ಚಿ ಕಾಲು ಚಾಚಿ ಮಲಗುತ್ತಾರೆ. ಟೇಲೆಂಡಿನವರು ಅರ್ಜಿ ಹಿಡಿದು ನನ್ನ ಗೇಟಿನ ಮುಂದೆ ಕೂತಿರುತ್ತಾರೆ. "ಸಾಬಣ್ಣಾ, ಸಪ್ಪಳ ಬರ್ತದಪಾ, ನೀರು ಬರವಲ್ಲವು" ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ನಾನು ಅವರ ಪರವಾಗಿ ಮೇಲಿನವರ ಜೊತೆ ಆಡದ ಜಗಳವಿಲ್ಲ. ನನ್ನಂಥ ನ್ಯಾಯವಂತ ಈ ಕಾಲುವೆಯ ಮೇಲೆ ಇನ್ನೊಬ್ಬನಿಲ್ಲ ಎಂಬ ಸಣ್ಣ ಸೊಕ್ಕೂ ನನಗಿತ್ತು.

ಡಿಜೆಯ ಹುಚ್ಚು ಹಿಡಿದದ್ದು ಹೆಂಡತಿಯ ಸಲುವಾಗಿ. ಈರಮ್ಮ ರಾಮಸಮುದ್ರದವಳು. ಹದಿನೆಂಟು ವರ್ಷದ ಹಿಂದೆ ಒಂದು ಮಠದ ಸಾಮೂಹಿಕ ಮದುವೆಯಲ್ಲಿ ನಮ್ಮಿಬ್ಬರ ಮೇಲೆ ಅಕ್ಕಿಕಾಳು ಬಿದ್ದವು. ನಲವತ್ತು ಜೋಡಿ, ಒಂದೇ ಮೈಕು. ಆ ಮೈಕಿನಲ್ಲಿ ಮಂತ್ರಕ್ಕಿಂತ ಹೆಚ್ಚಾಗಿ "ಕೆಂಪಂಗಿ ಕೂಸೊಂದು ಸಿಕ್ಕಾದ, ಅದರ ತಾಯಿ ಎಲ್ಲಿದ್ರೂ ಬರಬೇಕು" ಎಂಬುದೇ ಕೇಳಿಸಿತು. ಆ ಗದ್ದಲದಲ್ಲಿ ಈರಮ್ಮ ಬಾಸಿಂಗದ ಸಂದಿಯಿಂದ ನನ್ನನ್ನು ಮೊದಲ ಸಲ ಮಾತಾಡಿಸಿದಳು. "ಬಾಜಾ ಇಲ್ಲೇನ್ರಿ?" ಅಂದಳು. ನಾನು ಆಗಲೇ ಸರಕಾರಿ ನೌಕರನ ಗತ್ತಿನಲ್ಲಿ ಉತ್ತರ ಕೊಟ್ಟೆ: "ಮುಂದ ನೋಡಮು."

ಕಾಲುವೆಗೆ ಮೊಟ್ಟಮೊದಲು ನೀರು ಬಿಟ್ಟಾಗ ನಾನು ಚಡ್ಡಿ ಹಾಕುವ ವಯಸ್ಸಿನವ. ಊರಿಗೆ ಊರೇ ದಂಡೆಯ ಮೇಲೆ ನಿಂತು ಹಲಗಿ, ಸನಾದಿ ಬಾರಿಸಿ ನೀರನ್ನು ಬರಮಾಡಿಕೊಂಡಿತ್ತು; ನಮ್ಮವ್ವ ಹರಿವ ನೀರಿಗೆ ಉಡಿ ತುಂಬಿದ್ದಳು. ಇದನ್ನು ಒಮ್ಮೆ ಬಾಯಿ ತಪ್ಪಿ ಈರಮ್ಮನ ಮುಂದೆ ಹೇಳಿದೆ. "ನೀರಿಗೆ ಬಾಜಾ ಇತ್ತು, ನನಗಿಲ್ಲ" ಅಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು. ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ನಾನೂ ನಾಲ್ಕು ಮಾತಾಡಿ ಮರೆತುಬಿಡುತ್ತಿದ್ದೆ. ಆದರೆ ರಸ್ತೆಯಲ್ಲಿ ಯಾರದಾದರೂ ಮದುವೆಯ ಮೆರವಣಿಗೆ ಹೋದರೆ ಸಾಕು, ಕೈಯ ಹಿಟ್ಟು ತೊಳೆಯದೆ ಬಾಗಿಲಿಗೆ ಬಂದು, ಸಪ್ಪಳ ಕಿವಿಯಿಂದ ಮರೆಯಾಗುವವರೆಗೂ ನಿಲ್ಲುತ್ತಿದ್ದಳು. ಹದಿನೆಂಟು ವರ್ಷ ಅದನ್ನು ನೋಡಿದೆ. ನೋಡುವುದಕ್ಕೇನು, ಕಾಲುವೆ ಇಲಾಖೆಯವರಿಗೆ ನೋಡುವುದು ರೂಢಿಯೇ.

ಸುರಪುರದ ಖಾಜಾಸಾಬರು ಹಳೆಯ ಕಾಲದ ಮೈಕ್ ಸೆಟ್ಟಿನವರು. ಕಾಲಕ್ಕೆ ತಕ್ಕಂತೆ ಡಿಜೆ ಮಾಡಿಕೊಂಡಿದ್ದರು, ಮೊಣಕಾಲು ಮಾತು ಕೇಳದಾದಾಗ ಸೆಟ್ಟನ್ನು ನನಗೆ ಒಪ್ಪಿಸಿ, ನಾಲ್ಕು ಭಾನುವಾರ ಪಾಠ ಹೇಳಿದರು. ಒಂದು ಹಾಡು ಮುಗಿಯುವ ಮುನ್ನ ಇನ್ನೊಂದನ್ನು ಗೊತ್ತಾಗದಂತೆ ಒಳಗೆ ಬಿಡಬೇಕು, ನಡುವೆ ಸಂದು ಬೀಳಬಾರದು. "ಸಂದು ಬಿತ್ತಂದ್ರ ಕುಣಿಯೋರಿಗೆ ನಾಚಿಕಿ ನೆನಪಾಗ್ತದ ನೋಡು ಸಾಬಣ್ಣ. ಒಮ್ಮಿ ನೆನಪಾತಂದ್ರ ಮುಗೀತು, ಚಾ ಕುಡಿಯಾಕ ಹೋಗ್ತಾರ" ಅಂದರು. ನಾನು ಸೌಂಡನ್ನು ಗೇಟಿನಂತೆ ಬೆರಳು ಬೆರಳಷ್ಟೇ ಏರಿಸುವುದನ್ನು ನೋಡಿ ಹಣೆ ಹಣೆ ಬಡಿದುಕೊಂಡರು. "ಅರೇ ಭಾಯಿ, ನೀ ಸೌಂಡ್ ಏರಸೂದ್ರಾಗ ಮದುವಿ ಮುಗ್ದು ತೊಟ್ಟಿಲಾಗ ಕೂಸು ಅಳಾಕತ್ತಿರ್ತದ!" ಕೊನೆಯ ಭಾನುವಾರ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು: "ಮಿಷಿನ್ ಬಿಟ್ಟು ಇಳೀಬ್ಯಾಡ. ಹೊಟ್ಟಿ ಕೆಟ್ರೂ ಇಳೀಬ್ಯಾಡ."

ಮನೆಯಲ್ಲಿ ಸ್ಪೀಕರ್ ಡಬ್ಬಿಗಳಿಗೆ ಜಾಗ ಮಾಡಲು ಈರಮ್ಮ ಜೋಳದ ಚೀಲ ಅಡುಗೆಮನೆಗೆ ಎಳೆದಳು. ಎರಡೇ ದಿನದಲ್ಲಿ ಡಬ್ಬಿಗಳ ಮೇಲೆ ಕೌದಿ ಹಾಸಿ, ಉಪ್ಪಿನಕಾಯಿ ಭರಣಿಯನ್ನೂ ಇಟ್ಟಳು. ನಾನು ಬಾಸ್ ಏರಿಸಿದರೆ ಭರಣಿ ತಾನೇ ಹೆಜ್ಜೆ ಹಾಕುತ್ತಾ ಅಂಚಿಗೆ ಬರುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ ಕೂತರೆ ಅವಳು ಕರೆದದ್ದು ಕೇಳುತ್ತಿರಲಿಲ್ಲ. "ಮೊದಲೇನು ಭಾಳ ಕೇಳಿಸ್ತಿತ್ತು" ಅನ್ನುತ್ತಿದ್ದಳು. ಇದೆಲ್ಲ ಅವಳ ಬಾಜಾಕ್ಕಾಗಿ ಎಂದು ನಾನು ಬಾಯಿ ಬಿಡಲಿಲ್ಲ. ನಲವತ್ತೈದಾದ ಗಂಡಸು ಹೆಂಡತಿಯ ಮುಂದೆ ಅಂಥ ಮಾತು ಹೇಳಲು ಡಿಜೆ ಆಗುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

ಇನ್ನು ಕೆಲಸ ಸಿಗಬೇಕಲ್ಲ. ಹೋದಲ್ಲೆಲ್ಲ "ಯಾರ ಮದುವ್ಯಾಗ ಹಚ್ಚೀರಿ ಮೊದಲ?" ಎಂದೇ ಕೇಳುತ್ತಿದ್ದರು. ಮೊದಲನೆಯದನ್ನು ಕೊಡುವವರು ಯಾರೂ ಇಲ್ಲ, ಎರಡನೆಯದನ್ನು ಕೊಡಲು ಎಲ್ಲರೂ ತಯಾರು. 'ಸಾಬಣ್ಣ ಡಿಜೆ' ಎಂದು ಕಾರ್ಡು ಹಾಕಿಸಿ ಸಂತೆಯಲ್ಲಿ ಹಂಚಿದೆ. ತೆಗೆದುಕೊಂಡ ರೈತರು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಾರ್ಡ್ ಇರಲಿ, ನೀರು ಯಾವಾಗ ಬಿಡ್ತೀರಿ?" ಅಂದರು. ಎರಡು ತಿಂಗಳು ಹೀಗೆ ಕಳೆದ ಮೇಲೆ ಈರಮ್ಮನೇ ಒಂದು ದಿನ ಫೋನ್ ಹಚ್ಚಿ, ರಾಮಸಮುದ್ರದ ತನ್ನ ಅಣ್ಣ ಭೀಮರಾಯನ ಮಗಳ ಮದುವೆಗೆ ನನ್ನನ್ನು ಗೊತ್ತು ಮಾಡಿದಳು. ಅವನು ಮಾತಾಡಿಟ್ಟಿದ್ದ ಯಾದಗಿರಿಯ ದೊಡ್ಡ ಡಿಜೆಯನ್ನೂ ಬಿಡಿಸಿದಳು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ತವರಿನ್ಯಾಗ ನನ್ನ ಮಾನ ಕಳೀಬ್ಯಾಡ್ರಿ. ಅಷ್ಟ ಮಾಡ್ರಿ ಸಾಕು" ಅಂದಳು.

ಮದುವೆಯ ದಿನ ಬೆಳಿಗ್ಗೆ ಹತ್ತಕ್ಕೆ ಹನುಮಪ್ಪನ ಗುಡಿಯಿಂದ ಹಂದರದ ಕಡೆಗೆ ಮೆರವಣಿಗೆ ಹೊರಟಿತು. ಎಲ್ಲಕ್ಕೂ ಮುಂದೆ ಟ್ರ್ಯಾಕ್ಟರು, ಅದರ ಟ್ರೇಲರಿನಲ್ಲಿ ಹಿಂದಕ್ಕೆ ಮುಖ ಮಾಡಿದ ಸ್ಪೀಕರುಗಳು, ಅವುಗಳ ಮರೆಯಲ್ಲಿ ನಾನು. ಬೆನ್ನಿಗೆ ಕುಣಿಯುವ ಹುಡುಗರ ದಂಡು, ಆಮೇಲೆ ಮದುಮಗನ ಜೀಪು, ಅದರ ಹಿಂದೆ ಗಂಡಸರು, ಕಟ್ಟಕಡೆಗೆ ಆರತಿ ಕಳಸ ಹಿಡಿದ ಹೆಂಗಸರು. ನಾನು ದೇವರನ್ನು ನೆನೆದು ಸೌಂಡನ್ನು ಬೆರಳಷ್ಟು ಎತ್ತಿದೆ. ಹುಡುಗರು ಕೈ ಮೇಲೆತ್ತಿ ಕಾದರು. ಇನ್ನೊಂದು ಬೆರಳು ಎತ್ತಿದೆ. "ಏ ಮಾಮಾ, ಕರೆಂಟ್ ಇಲ್ಲೇನು?" ಎಂದು ಒಬ್ಬ ಕೂಗಿದ. "ಹೊಲಕ್ಕ ನೀರು ಹಾಯಿಸಾಕತ್ತಾನಲೇ!" ಎಂದು ಇನ್ನೊಬ್ಬ. ಅಂತೂ ಸೌಂಡು ತುಂಬಿತು, ಹುಡುಗರು ಧೂಳೆಬ್ಬಿಸಿದರು. ಎರಡನೆಯ ಹಾಡನ್ನು ಸಂದು ಬೀಳದಂತೆ ಒಳಗೆ ಬಿಟ್ಟೆ, ಮೂರನೆಯದನ್ನೂ ಬಿಟ್ಟೆ. ಖಾಜಾಸಾಬರು ಇರಬೇಕಿತ್ತು ಅನ್ನಿಸಿತು.

ಅಲ್ಲಿಗೆ ಸುಮ್ಮನಿದ್ದರೆ ನಾನು ಸಾಬಣ್ಣ ಹ್ಯಾಗಾದೇನು? ಗೇಟು ಎತ್ತಿದ ಮೇಲೆ ಟೇಲೆಂಡ್ ನೋಡಿ ಬರದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಕಾಲು ತಾವಾಗಿಯೇ ಟ್ರೇಲರಿನಿಂದ ಇಳಿದವು. ಹುಡುಗರ ಪಕ್ಕದಿಂದ, ಜೀಪಿನ ಬದಿಯಿಂದ ಸರಿಯುತ್ತಾ ಹಿಂದಕ್ಕೆ ನಡೆದೆ. ಕೊನೆಗೆ ಹೋಗಿ ನೋಡುತ್ತೇನೆ, ಹೆಂಗಸರು ಬಿಸಿಲಿನಲ್ಲಿ ಬೆವರುತ್ತಾ, ಕುರಿ ಹಿಂಡು ನಡೆದ ಹಾಗೆ ಸುಮ್ಮನೆ ಕಾಲು ಎಳೆಯುತ್ತಿದ್ದಾರೆ. ಅಲ್ಲಿಗೆ ಬರುತ್ತಿದ್ದದ್ದು ಧಡ್ ಧಡ್ ಎಂಬ ಗುದ್ದು ಮಾತ್ರ. ಹಾಡು ಯಾವುದು ಎಂದು ನನಗೇ ತಿಳಿಯಲಿಲ್ಲ. ಈರಮ್ಮನ ಮುದಿ ಚಿಗವ್ವ ನನ್ನನ್ನು ನೋಡಿ, "ಅಳಿಯಾ, ಸಪ್ಪಳ ಬರ್ತದ, ಹಾಡು ಬರವಲ್ದು" ಅಂದಳು. ಇದೇ ಮಾತನ್ನು ಗೇಟಿನ ಮುಂದೆ ಎಷ್ಟು ವರ್ಷದಿಂದ ಕೇಳಿದ್ದೆ!

ಕಳಸ ಹಿಡಿದಿದ್ದ ಈರಮ್ಮ ಮಾತ್ರ ನನ್ನನ್ನು ಕಂಡು ಬೆಚ್ಚಿದಳು. "ಅಯ್ಯ, ನೀವ್ಯಾಕ ಇಲ್ಲಿ ಬಂದೀರಿ? ಮಿಷಿನ್ ಕಡಿ ಯಾರದಾರ?"

ಸರಿಯಾಗಿ ಆಗಲೇ ಮೂರನೆಯ ಹಾಡು ಮುಗಿಯಿತು.

ಅಂಥ ಮೌನವನ್ನು ನಾನು ಕಾಲುವೆ ಬತ್ತಿದಾಗಲೂ ಕೇಳಿಲ್ಲ. ಮುಂದೆ ಹುಡುಗರಿಗೆ ನಾಚಿಕಿ ನೆನಪಾಗುವ ಬದಲು ನಗು ನೆನಪಾಯಿತು. "ಡಿಜೆ ಮಾಮಾ ಓಡಿ ಹೋಗ್ಯಾನೋ!" ಎಂದು ಶಿಳ್ಳೆ ಹೊಡೆದರು. ಭೀಮರಾಯ ಹೆಗಲ ಟವೆಲು ಕೈಗೆ ತೆಗೆದುಕೊಂಡು ಹಿಂದಕ್ಕೆ ಬಂದ. ನನಗೆ ಏನೂ ಅನ್ನಲಿಲ್ಲ, ಊರ ಅಳಿಯ ನೋಡಿ. ತಂಗಿಗೆ ಅಂದ: "ನಿನ್ನ ಮಾತು ಕೇಳಿ ಚಲೋ ಡಿಜೆ ಬಿಟ್ಟೆ ನೋಡವ್ವಾ." ಬೀಗರು ಕೇಳುವಂತೆಯೇ ಅಂದ. ಈರಮ್ಮ ತಲೆ ತಗ್ಗಿಸಿದಳು. ನನ್ನನ್ನು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಆ ಬಗ್ಗಿದ ತಲೆಯನ್ನು ನೋಡಲಾಗಲಿಲ್ಲ.

ಓಡಿದೆ. ಬಿಸಿಲಿನಲ್ಲೂ ಹಿಡಿದುಕೊಂಡ ಸೊಂಟದಲ್ಲೇ ಟ್ರೇಲರು ಹತ್ತಿದೆ. ಮುಂದಿನ ಹಾಡಿಗೆ ಹೋದ ಕೈ ಅದೇಕೋ ಮೈಕಿಗೆ ಹೋಯಿತು, ಗಂಟಲಿನಿಂದ ಗೇಟಿನ ಸಾಬಣ್ಣನ ದನಿ ಹೊರಟಿತು. "ಕೇಳ್ರಿ ಎಲ್ಲಾರೂ! ಮುಂದಿನವ್ರಿಗೆ ಮೂರು ಹಾಡು ಮುಟ್ಟ್ಯಾವ. ಹಿಂದಿನವ್ರಿಗೆ ಒಂದೂ ಮುಟ್ಟಿಲ್ಲ. ಈಗ ಹಿಂದಿನವ್ರ ಪಾಳಿ. ಹುಡುಗ್ರು ದಂಡಿಗೆ ಸರೀರಿ, ಜೀಪು ಬಾಜೂಕ ಹಚ್ರಿ. ಹೆಣ್ಮಕ್ಕಳು ಮುಂದ ಬರ್ರಿ!"

ಗಂಡಸರ ಗುಂಪಿನಿಂದ ಮುದುಕನೊಬ್ಬ, "ಖರೇ ಅದ. ಪಾಳಿ ಅಂದ್ರ ಪಾಳಿ. ಸರೀರಲೇ!" ಎಂದು ಕೋಲು ಎತ್ತಿದ. ನಮ್ಮ ಸೀಮೆಯಲ್ಲಿ ನೀರಿನ ಪಾಳಿಗಾಗಿ ತಲೆ ಒಡೆದುಕೊಳ್ಳುವವರಿದ್ದಾರೆ, ಪಾಳಿಯೇ ಸುಳ್ಳು ಅನ್ನುವವರಿಲ್ಲ. ಹುಡುಗರು ಗೊಣಗುತ್ತಾ ಸರಿದರು. ಹೆಂಗಸರು ಒಬ್ಬರನ್ನೊಬ್ಬರು ದಬ್ಬುತ್ತಾ, ನಗುತ್ತಾ ಬಂದರು. ಚಿಗವ್ವ ಸೀರೆಯ ನೆರಿಗೆ ಸಿಕ್ಕಿಸಿ, ಈರಮ್ಮನ ಕೈಯಿಂದ ಕಳಸ ಕಿತ್ತುಕೊಂಡು, "ಹೋಗ, ನಿನ್ನ ಗಂಡನ ಬಾಜಾ ಅದ" ಅಂದಳು.

ನಾನು ಹುಟ್ಟಿದಂದಿನಿಂದ ಮೊದಲ ಬಾರಿಗೆ ಸೌಂಡಿನ ಗೇಟನ್ನು ಒಮ್ಮೆಲೇ ಎತ್ತಿದೆ. ದಂಡೆ ಒಡೆದರೆ ಒಡೆಯಲಿ! ಈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಹಾಗೇ ಒಂದು ಕೈ ಮೇಲೆತ್ತಿದಳು. ಆಮೇಲೆ ಸೆರಗು ಬಿಟ್ಟು ಇನ್ನೊಂದನ್ನೂ ಎತ್ತಿದಳು. ಅವಳಿಗೆ ಕುಣಿಯಲು ಬರುತ್ತದೆ ಎಂಬುದು ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದ ನನಗೆ ಗೊತ್ತಿರಲಿಲ್ಲ. ಸುತ್ತು ತಿರುಗಿ ಬರುವಾಗ ನನ್ನನ್ನು ನೋಡಿ ಏನೋ ಅಂದಳು. ಆ ಸಪ್ಪಳದಲ್ಲಿ ಕೇಳಿಸಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಧೂಳಿಗೆ ಎಂದು ಟ್ರ್ಯಾಕ್ಟರಿನವನಿಗೆ ಹೇಳಿದೆ. ಹಂದರ ಮುಟ್ಟುವವರೆಗೆ ಎರಡು ಹಾಡು ಹೆಂಗಸರಿಗೆ, ಎರಡು ಹುಡುಗರಿಗೆ ಎಂದು ಪಾಳಿ ನಡೆಯಿತು. ಊಟಕ್ಕೆ ಕೂತಾಗ ಭೀಮರಾಯ ತಾನೇ ತಂಗಿಯ ತಾಟಿಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿ, ಬೀಗರಿಗೆ "ನಮ್ಮ ತಂಗಿ ಹಚ್ಚಿಕೊಟ್ಟ ಡಿಜೆ" ಎಂದು ಹೇಳಿದ. ಈರಮ್ಮ ತಲೆ ಎತ್ತಿಕೊಂಡು ಉಂಡಳು.

ಆಮೇಲೆ ಹುಡುಗರ ಪೈಕಿ ಯಾರೂ ನನ್ನನ್ನು ಕರೆಯಲಿಲ್ಲ. ಕರೆದದ್ದು ಹೆಂಗಸರು. ಎರಡನೆಯ ಕೆಲಸ ಸೈದಾಪುರದಲ್ಲಿ ಒಬ್ಬ ಬಸುರಿಯ ಸೀಮಂತದ ಕುಬಸ, ಮೂರನೆಯದು ತಿಂಥಣಿ ಕಡೆಗೆ ತೊಟ್ಟಿಲ ಕಾರ್ಯ. ಕಾರ್ಡಿನಲ್ಲಿ ನನ್ನ ನಂಬರ್ ಇದ್ದರೂ ಫೋನ್ ಬರುವುದು ಈರಮ್ಮನಿಗೆ. "ಬರೋ ಸೋಮವಾರ ಆಗಂಗಿಲ್ಲವ್ವ, ಬುಧವಾರ ನಿಮ್ಮ ಪಾಳಿ" ಎಂದು ಅವಳೇ ಹೇಳುತ್ತಾಳೆ. ಡಬ್ಬಿ ಎತ್ತುವುದು ನಾನು.

ಸೈದಾಪುರಕ್ಕೆ ಹೊರಡುವ ಬೆಳಿಗ್ಗೆ ಭರಣಿ ಇಳಿಸಿ, ಕೌದಿ ಮಡಚುತ್ತಾ ಧೈರ್ಯ ಮಾಡಿ ಕೇಳಿದೆ. "ಅವತ್ತು ಕುಣಿಯೋವಾಗ ನನಗೇನೋ ಅಂದೆಲ್ಲ, ಏನಂದಿ?"

"ಟೇಲೆಂಡಿಗೆ ನೀರು ಮುಟ್ಟಾಕ ಹದಿನೆಂಟು ವರ್ಷ ಹಿಡೀತು ಅಂದೆ."

ನಾನು ನಮ್ಮ ಆಫೀಸಿನ ರೂಢಿಯಂತೆ ನಗೆಯಾಡಿದೆ. "ಒಂದು ಅರ್ಜಿ ಕೊಡಬೇಕಿತ್ತವ್ವ ಮತ್ತ."

"ಕೊಟ್ಟಿದ್ದೆನಲ್ರಿ" ಅಂದಳು ಈರಮ್ಮ, "ಅಕ್ಕಿಕಾಳು ಬೀಳೋ ಮುಂದ, ಬಾಜಾ ಇಲ್ಲೇನ್ರಿ ಅಂತ."

ನ್ಯಾಯವಂತ ಸಾಬಣ್ಣ ಎದ್ದು ಚಾ ಇಡಲು ಒಳಗೆ ಹೋದ.