ನಮ್ಮ ಓಣಿಯ ಬಟ್ಟಲು ಸಮರ

ನನ್ನ ತಂಗಿಗೆ ಹಿಡಿದ ಖಿನ್ನತೆಯನ್ನು ಒಂದೇ ಒಂದು ಹಂಡೆ ಆಶ್ ಗಂಜಿ ಕುದಿಸಿ ಯಜ್ದ್ ಊರಿನಿಂದಲೇ ಓಡಿಸುತ್ತೇನೆಂದು ಎದೆ ತಟ್ಟಿ ಹೇಳಿದವಳು ನಾನೇ! ಅದೂ ಗಂಡನ ಎದುರು. ನಮ್ಮ ಕರಾಮತ್ ಕನ್ನಡಕ ಇಟ್ಟ ಜಾಗ ಮರೆತಾರು, ನಾನು ಜಂಬದಲ್ಲಿ ಆಡಿದ ಮಾತು ಮರೆಯುವವರಲ್ಲ.

ತಂಗಿ ಅಖ್ತರ್ ಚಳಿಗಾಲದಿಂದ ನಮ್ಮ ಮನೆಯಲ್ಲೇ ಇದ್ದಳು. ಇದ್ದಳು ಎಂದರೆ, ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಇದ್ದಳು. ಊರಿನ ಮದುವಣಗಿತ್ತಿಯರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು, ಈಗ ತನ್ನ ತಲೆ ಬಾಚಿಕೊಳ್ಳಲೂ ಕೈ ಎತ್ತುತ್ತಿರಲಿಲ್ಲ. ಏನಾಯಿತೆಂದು ಕೇಳಿದರೆ "ಏನೂ ಆಗಿಲ್ಲ ಅಕ್ಕ" ಅನ್ನುವಳು. ನಿಜಕ್ಕೂ ಏನೂ ಆಗಿರಲಿಲ್ಲ. ನನಗೆ ಭಯ ಹುಟ್ಟಿಸಿದ್ದೇ ಅದು. ಏನಾದರೂ ಆಗಿದ್ದರೆ ಅದರ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಏನೂ ಆಗದಿರುವುದಕ್ಕೆ ಜುಟ್ಟು ಎಲ್ಲಿಂದ ಬರಬೇಕು?

ಡಾಕ್ಟರಮ್ಮ ಮೆತ್ತಗೆ ಹೇಳಿದ್ದರು. "ಮಾತ್ರೆ ತಪ್ಪಿಸಬೇಡಿ. ಜೊತೆಗೆ ಸಣ್ಣಸಣ್ಣ ಅಭ್ಯಾಸ ಮಾಡಿಸಿ. ದಿನಕ್ಕೊಂದು ವಿಷಯ, ಎಷ್ಟೇ ಚಿಕ್ಕದಿರಲಿ, ಇದರಿಂದ ನನಗೆ ಉಪಕಾರ ಆಯ್ತು ಅಂತ ಬಾಯಲ್ಲಿ ಹೇಳಲಿ. ಬಾಗಿಲ ತನಕ ಹೋಗಿ ಬರಲಿ. ಶನಿವಾರ ಮತ್ತೆ ನೋಡ್ತೀನಿ. ಹೀಗೇ ಊಟ ಬಿಟ್ಟಿದ್ದರೆ ಆಸ್ಪತ್ರೆಗೆ ಸೇರಿಸಿಕೊಳ್ಳಲೇಬೇಕಾಗತ್ತೆ."

ಆಸ್ಪತ್ರೆ ಎಂದಾಗ ಅಖ್ತರ್ ನನ್ನ ಬುರ್ಖಾದ ಅಂಚನ್ನು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಜಾತ್ರೆಯಂಥ ಜನಸಂದಣಿಯಲ್ಲಿ ಹಿಡಿದುಕೊಳ್ಳುತ್ತಿದ್ದ ಹಾಗೆಯೇ. ಇವಳನ್ನು ಆಸ್ಪತ್ರೆಗೆ ಬಿಡುವುದಿಲ್ಲವೆಂದು ಅಲ್ಲೇ ನಾನು ತೀರ್ಮಾನ ಮಾಡಿಬಿಟ್ಟೆ.

ಆ ಸಂಜೆಯೇ ಶುರು ಮಾಡಿದೆ. "ಅಖ್ತರ್, ಇವತ್ತು ಯಾವುದರಿಂದ ಉಪಕಾರ ಆಯ್ತು ಹೇಳು."

"ಯಾವುದರಿಂದಲೂ ಇಲ್ಲ ಅಕ್ಕ."

"ಎರಡು ಕಣ್ಣು ಇವೆಯಲ್ಲೇ?"

"ಇವೆ."

"ಮತ್ತೆ? ಕಣ್ಣಿಂದ ಉಪಕಾರ ಆಯ್ತು ಅನ್ನು!"

ಅವಳು ಕಣ್ಣು ಮುಚ್ಚಿಕೊಂಡಳು.

ಸಣ್ಣದರಿಂದ ಆಗುವ ಕೆಲಸವಲ್ಲ ಇದು ಎಂದುಕೊಂಡು ಅಟ್ಟದ ಮೇಲಿನ ಹಂಡೆ ಇಳಿಸಿದೆ. ಕರಾಮತ್ ಅದನ್ನು ನೋಡಿ, "ಲೇ ತೂಬಾ, ಡಾಕ್ಟರಮ್ಮ ಹೇಳಿದ್ದು ಒಂದು ಚಿಟಿಕೆ. ನೀನು ಹಂಡೆ ಇಳಿಸ್ತಿದ್ದೀಯ" ಎಂದರು.

"ನಿಮಗೇನ್ರೀ ಗೊತ್ತು? ದೇವರ ಉಪಕಾರನ ಚಿಟಿಕೆಯಲ್ಲಿ ತೀರಿಸ್ತಾರಾ? ಸುಮ್ನೆ ಈರುಳ್ಳಿ ಸುಲೀರಿ!"

ಕಾಳು, ಸೊಪ್ಪು, ಶಾವಿಗೆ ಎಲ್ಲ ಬೆಂದು, ಮೇಲೆ ಪುದೀನದ ಒಗ್ಗರಣೆ ಬಿದ್ದಾಗ ಓಣಿಯ ಬೆಕ್ಕುಗಳೆಲ್ಲ ನಮ್ಮ ಅಂಗಳದಲ್ಲಿ ಸಭೆ ಸೇರಿದವು. ನನ್ನ ಉಪಾಯ ಇಷ್ಟೇ: ಓಣಿಗೆಲ್ಲ ನಾನು ಹಂಚುವುದು, ಪಕ್ಕದ ಮನೆಯ ಮಲೀಹೆ ಅಮ್ಮನವರಿಗೆ, ನಮ್ಮ ಬಾಯಲ್ಲಿ ಮಲೀಹೆ ಖಾನಂಗೆ, ಮಾತ್ರ ಅಖ್ತರ್ ಒಂದು ಬಟ್ಟಲು ಕೊಟ್ಟುಬರುವುದು.

"ನಾಳೆ ಹೋಗ್ತೀನಿ ಅಕ್ಕ" ಎಂದು ಗೋಡೆ ಹೇಳಿತು. ಗೋಡೆಯ ಕಡೆಯಿಂದ ಅವಳು ಹೇಳಿದಳು.

ಸರಿ, ಎಲ್ಲವನ್ನೂ ನಾನೇ ಹೊತ್ತೆ. ಪ್ರತಿ ಬಾಗಿಲಲ್ಲೂ, "ನಿಮ್ಮ ಕೈ ನೋಯದಿರಲಿ ತೂಬಾ ಖಾನಂ!" ಎಂದು ಹರಸಿದರು. "ನಿಮ್ಮ ತಲೆ ನೋಯದಿರಲಿ!" ಎಂದೆ. ವಿಜಯಯಾತ್ರೆ ಮುಗಿಸಿದ ಮಹಾರಾಣಿಯ ಹಾಗೆ ಮನೆಗೆ ಬಂದೆ.

ಉತ್ಸಾಹದಲ್ಲಿ ಒಂದು ಸಂಗತಿ ತಲೆಗೆ ಹೊಳೆದಿರಲಿಲ್ಲ. ನಮ್ಮಲ್ಲಿ ತುಂಬಿ ಬಂದ ಬಟ್ಟಲನ್ನು ಯಾರೂ ಖಾಲಿ ವಾಪಸ್ಸು ಕಳಿಸುವುದಿಲ್ಲ! ಕಳಿಸಿದರೆ ಆ ಮನೆಯ ಮೂರು ತಲೆಮಾರಿನ ಮೂಗು ಕೊಯ್ದ ಹಾಗೆ.

ಮರುದಿನ ಬೆಳಿಗ್ಗೆಯೇ ನನ್ನ ಬಟ್ಟಲುಗಳು ಮರಳತೊಡಗಿದವು. ಒಂದರಲ್ಲಿ ದಾಳಿಂಬೆ, ಒಂದರಲ್ಲಿ ಉಪ್ಪಿನಕಾಯಿ, ಒಂದರಲ್ಲಿ ಖರ್ಜೂರ. ಮಲೀಹೆ ಮಾತ್ರ ಒಂದು ಹೆಜ್ಜೆ ಮುಂದೆ ಹೋದಳು. ನನ್ನ ಬಟ್ಟಲಿನ ಜೊತೆ ತನ್ನದೊಂದು ಬಟ್ಟಲನ್ನೂ ತುಂಬಿ ತಂದಳು! ಇನ್ನು ಅವಳ ಬಟ್ಟಲನ್ನು ನಾನು ಖಾಲಿ ಕಳಿಸಲಾದೀತೇ? ಬಾದಾಮಿ ಕಡುಬು ಕರಿದು ಕಳಿಸಿದೆ. ಅವಳು ಕ್ಯಾರೆಟ್ ಹಲ್ವಾ ಕಳಿಸಿದಳು. ನಾನು ಪಿಸ್ತಾ ಬರ್ಫಿ ಕಳಿಸಿದೆ. ಇದನ್ನು ನೋಡಿ ಉಳಿದ ಮನೆಗಳಿಗೂ ಪೌರುಷ ಬಂತು. ಬಾಗಿಲು ತಟ್ಟುವ ಕಬ್ಬಿಣದ ಬಳೆ ಗಳಿಗೆಯಾದರೂ ಸುಮ್ಮನಿರಲಿಲ್ಲ. ಮೂಲೆ ಅಂಗಡಿಯವನು, "ಖಾನಂ, ಓಣಿಯಲ್ಲಿ ಎಷ್ಟು ಮದುವೆ? ನನ್ನ ಹತ್ರ ಸಕ್ಕರೆ ಎಲ್ಲಾ ಖಾಲಿ!" ಎಂದು ಕೈಮುಗಿದ.

ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರಾಮತ್ ದಿಂಬು ಹಿಡಿದು ನಿಂತು ಕೇಳಿದರು: "ನಾನು ಮಲಗೋದೆಲ್ಲಿ?"

"ಆ ಕುಂಬಳಕಾಯಿ ಸ್ವಲ್ಪ ಆಚೆ ತಳ್ಳಿ ಮಲಗ್ರೀ."

"ಖಿನ್ನತೆ ಓಡಿಸ್ತೀನಿ ಅಂದೆ. ಓಡೋದಕ್ಕೂ ದಾರಿ ಬಿಟ್ಟಿಲ್ಲವಲ್ಲೇ!"

ಮಾತು ನಾಟಿತು. ಊರಿನ ರುಚಿಯೆಲ್ಲ ಸುತ್ತ ರಾಶಿ ಬಿದ್ದಿತ್ತು, ಅಖ್ತರ್ ಮಾತ್ರ ಮಾತ್ರೆಗೆ ಬೇಕಾದಷ್ಟು ನೀರು ಕುಡಿದು ಕೌದಿಯೊಳಗೆ ಸೇರಿಕೊಳ್ಳುತ್ತಿದ್ದಳು. ಶನಿವಾರ ಹತ್ತಿರ ಬಂದೇಬಿಟ್ಟಿತು.

ಶುಕ್ರವಾರ ಕೊನೆಯ ಅಸ್ತ್ರವೆಂದು ಮತ್ತೆ ಹಂಡೆಗೆ ಕೈ ಹಾಕಿದೆ. ಎತ್ತಿದೆ. ಬೆನ್ನ ಕೆಳಗೆ ಎಲ್ಲೋ 'ಕಟಕ್' ಎಂದಿತು. ಓಣಿಯೆಲ್ಲ ನನ್ನ ಕೈ ನೋಯದಿರಲಿ ಎಂದು ಹರಸಿತ್ತು, ನಿಜ. ಸೊಂಟದ ಹೆಸರನ್ನು ಒಬ್ಬ ಪುಣ್ಯಾತ್ಗಿತ್ತಿಯೂ ಎತ್ತಿರಲಿಲ್ಲ!

ಕರಾಮತ್ ನನ್ನನ್ನು ಜಮಖಾನೆಯ ಮೇಲೆ ಮರದ ದಿಮ್ಮಿಯಂತೆ ಉರುಳಿಸಿ ಮುಲಾಮು ತರಲು ಓಡಿದರು. ಅವರು ಹೊರಟದ್ದೇ ತಡ, ಬಾಗಿಲ ಬಳೆ ಸದ್ದಾಯಿತು. ನಮ್ಮ ಬಾಗಿಲಿಗೆ ಗಂಡಸರು ತಟ್ಟಲು ದಪ್ಪ ಸರಳು, ಹೆಂಗಸರು ತಟ್ಟಲು ತೆಳು ಬಳೆ; ಇದು ಹೆಂಗಸರದು. ಎರಡು ಸಲ ಟಣಟಣ, ಆಮೇಲೆ ಕೆಮ್ಮು. ಮಲೀಹೆಯೇ. ಏಳಲು ನೋಡಿದೆ, ಕಣ್ಣಲ್ಲಿ ನಕ್ಷತ್ರ ಬಂತು. ಬಳೆ ಮತ್ತೆ ಸದ್ದು ಮಾಡಿತು.

ಆಗ ಒಳಕೋಣೆಯಲ್ಲಿ ಕೌದಿ ಸರಿದ ಸದ್ದು. ಬಳಿಕ ಚಪ್ಪಲಿ. ನಿಂತಿತು. ಮತ್ತೆ ನಡೆಯಿತು. ಚಿಲಕ ತೆರೆಯಿತು.

"ಅಯ್ಯೋ, ಅಖ್ತರಾ! ಅಕ್ಕ ಎಲ್ಲಮ್ಮಾ?"

"ಬಿದ್ಕೊಂಡಿದ್ದಾಳೆ ಖಾನಂ. ಸೊಂಟ."

"ದೇವರೇ! ಇದು ಕೇಸರಿ ಪಾಯಸ, ತಗೋ."

ಚಪ್ಪಲಿ ಅಡುಗೆಮನೆಗೆ ಹೋಯಿತು. ಪಾಯಸ ಪಾತ್ರೆಗೆ ಬಗ್ಗಿಸಿದ ಸದ್ದು, ಬಟ್ಟಲು ತೊಳೆದ ಸದ್ದು. ಮರಳಿ ಬಾಗಿಲ ಬಳಿ ಅಖ್ತರ್ ದನಿ: "ತಗೊಳ್ಳಿ. ಒಳಗೆ ಹಾಕೋಕೆ ನನ್ನ ಹತ್ರ ಏನೂ ಇಲ್ಲ. ಹುಡುಕೋಕೂ ಶಕ್ತಿ ಇಲ್ಲ. ಉಪಕಾರ ಆಯ್ತು ಖಾನಂ."

ಖಾಲಿ ಬಟ್ಟಲು! ನಾನು ಅಲ್ಲೇ ಸತ್ತೆ! "ಕಪಾಟಿನಲ್ಲಿ ಕಡುಬಿದೆಯೇ!" ಎಂದು ಕೂಗಲು ಬಾಯಿ ತೆರೆದೆ. ಬಂದದ್ದು 'ಹೂಂಕ್' ಎಂಬ ನರಳಿಕೆ ಮಾತ್ರ.

ಹೊರಗೆ ಬಟ್ಟಲಿನ ತಳವನ್ನು ಬೆರಳಿನಿಂದ ತಟ್ಟಿದ ಸದ್ದು. ಆಮೇಲೆ ಮಲೀಹೆ, "ಖಾಲಿನಾ? ಸತ್ಯವಾಗ್ಲೂ ಖಾಲಿನಾ?" ಎಂದಳು. ದನಿ ನಡುಗುತ್ತಿತ್ತು. "ಅಯ್ಯೋ ನನ್ನಮ್ಮ, ನೀನು ಚೆನ್ನಾಗಿರು! ತಿರುವಿ ತಿರುವಿ ನನ್ನ ತೋಳು ಬಿದ್ದುಹೋಗಿದೆ ಕಣೇ. ನಿನ್ನಕ್ಕ ನಿಲ್ಲಿಸ್ತಾಳೇನೋ ಅಂತ ದಿನಾ ಕಾದೆ. ಆ ಮಹಾತಾಯಿ ನಿಲ್ಲಿಸಲೇ ಇಲ್ವಲ್ಲ!"

ನನ್ನ ಬಗ್ಗೆ! ನನ್ನ ಹೊಸಿಲಲ್ಲೇ!

ಬಳಿಕ ಅವಳ ದನಿ ತಗ್ಗಿತು. "ನಿಂಗೂ ಆಗ್ತಾ ಇಲ್ಲ ಅಲ್ವಾ?"

"ಆಗ್ತಾ ಇಲ್ಲ ಖಾನಂ."

ಅಲ್ಲಿಯವರೆಗೆ ಗೋಡೆ ಮಾತ್ರ ಕೇಳಿಸಿಕೊಂಡಿದ್ದ ಮಾತು ಅದು. ಆಸ್ಪತ್ರೆಯಲ್ಲಿಯೂ ಅವಳು ಹೇಳಿರಲಿಲ್ಲ.

"ಆ ಪಾಯಸ ಇಲ್ಲಿಗೇ ತಾ. ಎರಡು ಚಮಚ ತಾ. ಇಲ್ಲೇ ಜಗಲಿ ಮೇಲೆ ಕೂತ್ಕೊಳ್ಳೋಣ. ಮಾತಾಡೋದೇನೂ ಬೇಡ."

ನಾನು ಸೂರು ನೋಡುತ್ತ ಮಲಗಿ ಕೇಳಿದೆ. ಒಂದು ಚಮಚ ಪಾತ್ರೆಗೆ ತಾಗಿತು. ಅದು ಮಲೀಹೆಯದು, ಗಡಸು. ತುಂಬ ಹೊತ್ತು ಅದೊಂದೇ. ಆಮೇಲೆ ಎರಡನೆಯದು, ಸೂಜಿ ಬಿದ್ದಷ್ಟು ಮೆಲ್ಲಗೆ. ಮತ್ತೆ ಒಮ್ಮೆ. ಅಷ್ಟು ದೊಡ್ಡ ಸದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಕಣ್ಣೀರು ಕಿವಿಯೊಳಗೆ ಹರಿಯಿತು. ಒರೆಸಿಕೊಳ್ಳಲು ತಿರುಗುವಂತಿರಲಿಲ್ಲ.

ಸುದ್ದಿ ಓಣಿಗೆ ಹಬ್ಬಿತು. ಒಬ್ಬೊಬ್ಬರೇ ಬಂದರು, ತಮ್ಮ ತಮ್ಮ ಖಾಲಿ ಬಟ್ಟಲು ಇಸಿದುಕೊಂಡು ಹಗುರ ಹೆಜ್ಜೆಯಲ್ಲಿ ಹೋದರು. ಒಬ್ಬಳಂತೂ ಬಟ್ಟಲಿಗೆ ಮುತ್ತು ಕೊಟ್ಟಳಂತೆ!

ಕರಾಮತ್ ಮುಲಾಮು ಹಿಡಿದು ತುದಿಗಾಲಲ್ಲಿ ಒಳಗೆ ಬಂದು ಪಿಸುಗುಟ್ಟಿದರು: "ಜಗಲಿಯಲ್ಲಿ ಯಾರೋ ಕೂತಿದ್ದಾರೆ ಕಣೇ. ನಿನ್ನ ತಂಗಿ ಥರಾನೇ ಇದ್ದಾರೆ."

ಶನಿವಾರ ನಾನು ಎರಡಾಗಿ ಬಾಗಿಕೊಂಡು, ಅಖ್ತರ್ ನನ್ನ ತೋಳು ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದೆವು. ಅವಳೇನೂ ವಾಸಿಯಾಗಿರಲಿಲ್ಲ. ಮುಖ ಇನ್ನೂ ಬಾಡಿತ್ತು. ಆದರೆ ತಲೆ ಬಾಚಿಕೊಂಡಿದ್ದಳು. ಡಾಕ್ಟರಮ್ಮ ಅದನ್ನು ನೋಡಿದರು. ಊಟದ ಬಗ್ಗೆ ಕೇಳಿದರು. ಮಾತ್ರೆ ಹಾಗೇ ಮುಂದುವರಿಯಲಿ, ಸದ್ಯ ಸೇರಿಸಿಕೊಳ್ಳುವುದು ಬೇಡ ಎಂದರು. ನಾನು ಕುರ್ಚಿ ಹಿಡಿದುಕೊಂಡೆ. "ನನ್ನ ಸೊಂಟಕ್ಕೂ ಏನಾದರೂ ಬರೆದುಕೊಡೀಮ್ಮ" ಎಂದೆ.

ಪೆನ್ನು ಎತ್ತಿಕೊಂಡು ಅವರು ಅಖ್ತರ್ ಕಡೆ ತಿರುಗಿದರು. "ಈ ವಾರ ಯಾವುದಾದರೂ ಒಂದರಿಂದ ಉಪಕಾರ ಆಯ್ತು ಅನ್ನಿಸಿತಾ?"

ನಾನು ಬಾಗಿದ್ದಲ್ಲೇ ಎದೆಯುಬ್ಬಿಸಿದೆ. ಹೇಳೇ ನನ್ನ ಚಿನ್ನ, ಹಂಡೆಯ ವಿಷಯ ಹೇಳು!

ಅಖ್ತರ್ ನನ್ನ ಕಡೆ ನೋಡಿದಳು.

"ಆಯ್ತು. ಅಕ್ಕನ ಸೊಂಟ ಹಿಡ್ಕೊಂಡಿದ್ದರಿಂದ."

ಡಾಕ್ಟರಮ್ಮ ನನ್ನನ್ನು ನೋಡಿದರು, ಅವಳನ್ನು ನೋಡಿದರು, ಪೆನ್ನು ಕೆಳಗಿಟ್ಟರು.

"ಹಾಗಾದರೆ ಖಾನಂ, ಈ ಸೊಂಟಕ್ಕೆ ನಾನು ಔಷಧಿ ಬರೆಯೋದು ಹೇಗೆ?"