ಆಗ್ರಾ ಗೊತ್ತಿದ್ದ ಜಯಸಿಂಹ

ಶನಿವಾರ ಬೆಳಿಗ್ಗೆ ಇಂದುಮತಿ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಒಂದೇ ಸಾಲು ಓದಿ ಜಯಸಿಂಹ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ‘ಆಗ್ರಾ ವಿಷಯ ನಮ್ಮ ಯಜಮಾನರನ್ನ ಕೇಳಿ. ಅವರಿಗೆ ಎಲ್ಲಾ ಗೊತ್ತು.’

ಡಿಸೆಂಬರ್ ರಜೆಗೆ ಮಿಚಿಗನ್‌ನ ಕ್ಯಾಂಟನ್‌ನಲ್ಲಿದ್ದ ಇವರೂ ಪಕ್ಕದೂರು ನಾರ್ತ್‌ವಿಲ್‌ನ ಕೇಶವನ ಮನೆಯವರೂ ಒಟ್ಟಿಗೆ ಊರಿಗೆ ಹೊರಟಿದ್ದರು. ದಾರಿಯಲ್ಲಿ ಆಗ್ರಾ. ಅದರ ಮಾತುಕತೆಗೆಂದೇ ಅವತ್ತು ಕೇಶವನ ಮನೆಯಲ್ಲಿ ಊಟ.

ಜಯಸಿಂಹ ತಾಜ್ ಮಹಲನ್ನು ನೋಡಿರಲೇ ಇಲ್ಲ. ಹದಿನೆಂಟು ವರ್ಷದ ಹಿಂದೆ ಮೈಸೂರಿಗೆ ಹೆಣ್ಣು ನೋಡಲು ಹೋದಾಗ ಇಂದುಮತಿ ಕಣ್ಣರಳಿಸಿ, “ನೀವು ತಾಜ್ ನೋಡಿದೀರಾ?” ಎಂದು ಕೇಳಿದ್ದಳು. ಆ ಕಣ್ಣಿಗೆ ಇಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

“ನೋಡಿದೀನಿ.”

“ಹೇಗಿತ್ತು?”

“ಮಾತಲ್ಲಿ ಹೇಳೋಕಾಗಲ್ಲ.”

ಅದೊಂದು ಮಾತ್ರ ನಿಜ.

ಈಗ ಬಚ್ಚಲ ಬಾಗಿಲು ಹಾಕಿಕೊಂಡು ಆಗ್ರಾದ ವಿಡಿಯೋ ಒಂದನ್ನು ಎರಡರಷ್ಟು ವೇಗದಲ್ಲಿ ಓಡಿಸಿದ. ಅದರೊಳಗಿನ ಗೈಡು ಹಲಸಂದೆ ಹುರಿದ ಹಾಗೆ ಚಟಪಟ ಎನ್ನುತ್ತ ಅಕ್ಬರನಿಂದ ಔರಂಗಜೇಬನವರೆಗೆ ನಾಲ್ಕು ನಿಮಿಷದಲ್ಲಿ ಮುಗಿಸಿದ. “ರೀ, ಒಳಗೆ ಯಾರ್ ಜೊತೆ ಮಾತಾಡ್ತಿದೀರಾ?” ಎಂದು ಇಂದುಮತಿ ಬಾಗಿಲು ತಟ್ಟಿದಳು.

ಕ್ಯಾಂಟನ್‌ನಿಂದ ಹೊರಟು ಕೇಶವನ ಮನೆ ತಲುಪಿ ಜಾಕೆಟ್ ಬಿಚ್ಚುವಷ್ಟರಲ್ಲಿ ಟಿವಿಯ ಮೇಲೆ ಆಗ್ರಾದ ಮ್ಯಾಪು ಅಗಲವಾಗಿ ಬಿದ್ದಿತ್ತು.

“ಬನ್ನಿ ಗುರುಗಳೇ!” ಎಂದ ಕೇಶವ. “ತಾಜ್ ಆದ್ಮೇಲೆ ಫತೇಪುರ್ ಸಿಕ್ರಿ ಮಾಡ್ಬಹುದಾ?”

“ಧಾರಾಳವಾಗಿ. ಊಟ ಮಾಡ್ಕೊಂಡು ಹಾಗೇ ನಡ್ಕೊಂಡು ಹೋಗ್ಬಹುದು.”

ಹೈಸ್ಕೂಲು ಓದುವ ಕೇಶವನ ಮಗಳು ದಿಯಾ ಫೋನಿನಿಂದ ತಲೆಯೆತ್ತಿದಳು. “ಅಂಕಲ್, ಇಟ್ಸ್ ಟ್ವೆಂಟಿ ತ್ರೀ ಮೈಲ್ಸ್.”

“ನಮ್ಮ ಕಾಲದಲ್ಲಿ ನಡೀತಿದ್ವಮ್ಮ,” ಎಂದ ಜಯಸಿಂಹ.

ಅಷ್ಟರಲ್ಲಿ ಕೇಶವನ ತಾಯಿ ಅನುಸೂಯಮ್ಮ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಬಂದು ಕೂತರು. “ಮೆಟ್ಟಿಲು ಜಾಸ್ತಿ ಇದ್ಯಾ ಅಪ್ಪಾ? ಇದ್ರೆ ನಾನು ಹೋಟೆಲಲ್ಲೇ ಇರ್ತೀನಿ. ನನ್ನಿಂದ ಯಾರಿಗೂ ತೊಂದ್ರೆ ಬೇಡ.”

ಆ ಮುಖ ನೋಡಿ ಜಯಸಿಂಹನ ಬಾಯಿ ತಾನಾಗಿ ತೆರೆದುಕೊಂಡಿತು. “ಲಿಫ್ಟ್ ಇದೆ ಅಮ್ಮಾ.”

ಅನುಸೂಯಮ್ಮನ ಮುಖ ಅರಳಿತು. “ನೋಡ್ದ್ಯಾ ಕೇಶವಾ? ನೋಡಿದೋರನ್ನ ಕೇಳ್ಬೇಕು ಅನ್ನೋದು ಇದಕ್ಕೇ. ನೀನು ಬುಕ್ ಮಾಡಿರೋ ಆ ವೀಲ್‌ಚೇರ್ ಬೇಡ ಅಂತ ಹೇಳ್ಬಿಡು.”

ಕೇಶವ ಫೋನು ತೆಗೆದ. “ಆಯ್ತಮ್ಮ. ಪಾಯಸದ ಹೊತ್ತಿಗೆ ರಿಷಭ್‌ನೂ ಬರ್ತಾನೆ, ನಮ್ಮ ಆಫೀಸಲ್ಲೇ ಕೆಲಸ. ಹುಟ್ಟಿ ಬೆಳೆದಿದ್ದು ಆಗ್ರಾದಲ್ಲಿ. ನಮ್ಮ ಪ್ಲಾನ್ ಒಂದ್ಸಲ ಚೆಕ್ ಮಾಡ್ಲಿ.”

ಇನ್ನು ಗುಟ್ಟು ರಟ್ಟಾಗುವುದು ಖಂಡಿತ ಎಂದುಕೊಂಡು ಜಯಸಿಂಹ ಊಟದ ತಟ್ಟೆ ಬದಿಗೆ ಸರಿಸಿದ. ಆದರೆ ರಿಷಭ್‌ಗಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಅನುಸೂಯಮ್ಮ. ಅವರು ಆಗಲೇ ಯಾವ ಸೀರೆ ಉಡುವುದೆಂದು ಇಂದುಮತಿಯನ್ನು ಕೇಳುತ್ತಿದ್ದರು. ಇವರನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ತಾನು ಮುಖ ಎಲ್ಲಿಟ್ಟುಕೊಳ್ಳುವುದು?

“ಕೇಶವ್, ವೀಲ್‌ಚೇರ್ ಬೇಡ ಅನ್ಬೇಡಿ,” ಎಂದು ಎದ್ದು ನಿಂತ. “ಲಿಫ್ಟೂ ಇಲ್ಲ, ಏನೂ ಇಲ್ಲ. ಅಮ್ಮಾ, ಕ್ಷಮಿಸಿ. ನಾನು ತಾಜ್ ನೋಡೇ ಇಲ್ಲ.”

ಪಾಯಸ ಬಡಿಸಲು ಎದ್ದಿದ್ದ ಇಂದುಮತಿ ಸೌಟು ಕೆಳಗಿಟ್ಟಳು. “ರೀ, ಹದಿನೆಂಟು ವರ್ಷ...”

“ಗೇಟ್ ತನಕ ಹೋಗಿದ್ದೆ ಕಣೇ, ದೇವರಾಣೆ. ಅವತ್ತು ಶುಕ್ರವಾರ. ಶುಕ್ರವಾರ ಬಾಗಿಲು ಹಾಕಿರ್ತಾರಂತೆ. ವಾಪಸ್ ಬಂದೆ.”

“ಶುಕ್ರವಾರ?” ಕೇಶವ ಚಂಗನೆ ನೆಗೆದ. “ಅಯ್ಯೋ! ನಾವು ಆಗ್ರಾದಲ್ಲಿರೋದೇ ಶುಕ್ರವಾರ ಒಂದು ದಿನ!”

ದಿಯಾ ಫೋನು ತಡಕಿದಳು. “ಹೀ ಈಸ್ ರೈಟ್. ಕ್ಲೋಸ್ಡ್ ಆನ್ ಫ್ರೈಡೇಸ್.”

“ನೀವು ಹೇಳ್ದೇ ಇದ್ದಿದ್ರೆ ಮಿಚಿಗನ್‌ನಿಂದ ಹೋಗಿ ಬೀಗ ನೋಡ್ಕೊಂಡು ಬರ್ತಿದ್ವಲ್ಲ!” ಎಂದು ಕೇಶವ ಜಯಸಿಂಹನನ್ನು ಅಪ್ಪಿಕೊಂಡ. ಅನುಸೂಯಮ್ಮ ತಲೆ ಸವರಿದರು. ಇಂದುಮತಿ ಮಾತ್ರ ಅವನ ಪಾಯಸದ ಬಟ್ಟಲಿನಿಂದ ಗೋಡಂಬಿಗಳನ್ನು ಒಂದೊಂದಾಗಿ ತನ್ನ ಬಟ್ಟಲಿಗೆ ಹಾಕಿಕೊಂಡಳು.

ಅದೇ ಹೊತ್ತಿಗೆ ರಿಷಭ್ ಬಂದ. ಹೆಂಡತಿ ಮಾಳವಿಕಾ ಮಂಡ್ಯದವಳಾದ್ದರಿಂದ ಅವನಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಕೇಶವ ಅವನನ್ನು ಬಾಗಿಲಲ್ಲೇ ಹಿಡಿದ. “ಏನಯ್ಯಾ, ಶುಕ್ರವಾರ ತಾಜ್ ಮುಚ್ಚಿರುತ್ತೆ ಅಂತ ಒಂದ್ಮಾತು ಹೇಳ್ಬಾರ್ದಿತ್ತಾ?”

“ಮುಚ್ಚಿರುತ್ತಾ?” ಎಂದ ರಿಷಭ್. ಎಲ್ಲರ ಮುಖ ನೋಡಿ ಕಿವಿ ಕೆಂಪಾಯಿತು. “ಮನೆಯಿಂದ ಹತ್ತೇ ನಿಮಿಷ ಇತ್ತು. ನಾಳೆ ಹೋಗ್ತೀನಿ, ನಾಳೆ ಹೋಗ್ತೀನಿ ಅಂತ... ಅಮೆರಿಕಾಗೆ ಬಂದುಬಿಟ್ಟೆ.”

ಕೇಶವ ಅಲ್ಲೇ ತೀರ್ಪು ಕೊಟ್ಟ. “ಹಾಗಾದ್ರೆ ಗೇಟ್ ತನಕ ಹೋಗಿರೋರು ಜಯಸಿಂಹ ಒಬ್ರೇ. ನಮ್ಮ ಗೈಡ್ ಅವ್ರೇ!”

“ನಾನಾ? ನಂಗೇನೂ ಗೊತ್ತಿಲ್ಲ ಕಣ್ರೀ!”

“ಗೊತ್ತಿರೋರು ಹಾಗೇ ಹೇಳೋದು,” ಎಂದರು ಅನುಸೂಯಮ್ಮ.

ರಿಷಭ್ ಹತ್ತಿರ ಬಂದು ಅವನ ಕೈ ಹಿಡಿದುಕೊಂಡ. “ಸರ್, ಡಿಸೆಂಬರ್‌ನಲ್ಲಿ ನಾನೂ ಮಾಳವಿಕಾನೂ ಬರ್ತೀವಿ. ನಮ್ಮೂರನ್ನ ನನಗೂ ಸ್ವಲ್ಪ ತೋರಿಸ್ತೀರಾ?”

ಜಯಸಿಂಹ ಯಾರಾದರೂ ಬಿಡಿಸಿಯಾರು ಎಂದು ಹೆಂಡತಿಯ ಕಡೆ ನೋಡಿದ. ಇಂದುಮತಿ ಕೊನೆಯ ಗೋಡಂಬಿಯನ್ನು ಅಗಿಯುತ್ತ, ರಿಷಭ್‌ನ ನಂಬರನ್ನು ಗುಂಪಿಗೆ ಸೇರಿಸುತ್ತಿದ್ದಳು.